ದೂರಕ್ಕೆಂದು ಮಾಡಿದ ಕೊಳಲು

ನನ್ನ ಕೆಲಸ ತಪ್ಪು ಹುಡುಕುವುದು. ಅಮೆರಿಕದ ಕೆಂಟ್‌ನ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವ ವಿಭಾಗ ನನ್ನದು. ತಲೆಗೂದಲಿನ ಹತ್ತನೇ ಒಂದು ಪಾಲು ದಪ್ಪ ಹೆಚ್ಚಾದರೂ ಕೆಂಪು. ಯಂತ್ರ ನಡೆಸುವವರು ನನ್ನನ್ನು ಕಂಡರೆ ಕಾಫಿ ಕಪ್ಪು ಹಿಡಿದುಕೊಂಡು ಬೇರೆ ದಾರಿ ನೋಡುತ್ತಾರೆ. ಅದಕ್ಕೆ ನನಗೆ ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಇತ್ತು. ಆ ಜಂಬ ಇಳಿದದ್ದು ಒಂದು ಮೊಳ ಉದ್ದವೂ ಇಲ್ಲದ ಮರದ ಕೊಳಲಿನಿಂದ.

ಫೆಬ್ರವರಿಯ ಒಂದು ಮಧ್ಯಾಹ್ನ ಫೋನ್ ಬಂತು. ಮಾಡಿದವನು ಬೆಂಗಳೂರಿನ ಗೆಳೆಯ. ಮೊದಲು ನಮ್ಮ ಕಾರ್ಖಾನೆಯಲ್ಲೇ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದ. ಈಗ ಇಲ್ಲೇ ಹತ್ತಿರದ ಫ್ರೀಮಾಂಟ್‌ನ ಆಫೀಸೊಂದಕ್ಕೆ ಹೋಗುತ್ತಾನೆ. ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದವನು. ಆ ಚಟ ಇಲ್ಲಿಗೂ ಹಿಂಬಾಲಿಸಿ ಬಂದು, ಮಿಲ್ ಕ್ರೀಕ್‌ನಲ್ಲಿ ಶನಿವಾರಗಳಂದು ಸೇರುವ ಒಂದು ಫೈಫ್ ಮತ್ತು ಡ್ರಮ್ ತಂಡಕ್ಕೆ ಸೇರಿಕೊಂಡಿದ್ದ. ಫೈಫ್ ಎಂದರೆ ಅಡ್ಡ ಹಿಡಿದು ಊದುವ ಪುಟ್ಟ ಮರದ ಕೊಳಲು: ಬೆರಳಿಗೆ ಆರು ರಂಧ್ರ, ತುಟಿಗೆ ಒಂದು.

"ಅಕ್ಕ, ನಿಮ್ ಸ್ಕ್ಯಾನಿಂಗ್ ಮೆಷಿನ್ ಮರನೂ ಸ್ಕ್ಯಾನ್ ಮಾಡುತ್ತಾ?"

"ಮನುಷ್ಯರನ್ನ ಬಿಟ್ಟು ಎಲ್ಲಾನೂ ಮಾಡುತ್ತೆ. ಯಾಕಪ್ಪ?"

"ನಮ್ ತಂಡದಲ್ಲಿ ಒಬ್ರು ಹಿರಿಯರು ಇದಾರೆ. ಅವ್ರ ಹತ್ರ ಸಿವಿಲ್ ವಾರ್ ಕಾಲದ ಫೈಫ್ ಇದೆ. ಕ್ರ್ಯಾಕ್ ಬಿಡ್ತಾ ಇದೆ. ಅದು ಪೂರ್ತಿ ಹೋಗೋದ್ರೊಳಗೆ ಒಂದು ಕಾಪಿ ಮಾಡ್ಬೇಕು."

"ಕೊಳಲು ಮಾಡೋರ ಹತ್ರ ಹೋಗೋ."

"ಹೋಗಿದ್ವಿ. ಅವ್ರು ತಮ್ದೇ ಮಾಡೆಲ್ ಮಾಡಿ ಕೊಡ್ತಾರೆ. ಇವ್ರಿಗೆ ಇದೇ ಬೇಕು. ಇದ್ದದ್ದನ್ನ ಇದ್ದ ಹಾಗೆ ಅಳೆಯೋಕೆ ನಿಮ್ಮನ್ನ ಬಿಟ್ರೆ ಯಾರಿದಾರೆ?"

ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ. ಆ ಶನಿವಾರ ಒಂದು ಗಂಟೆ ಡ್ರೈವ್ ಮಾಡಿಕೊಂಡು ಮಿಲ್ ಕ್ರೀಕ್‌ಗೆ ಹೋದೆ.

ತಂಡ ಸೇರುತ್ತಿದ್ದುದು ಬಾಡಿಗೆಯ ಸಭಾಂಗಣದಲ್ಲಿ. ನಾನು ಬಾಗಿಲು ತೆಗೆದಾಗ ಎಂಟು ಮಂದಿ ಡ್ರಮ್ಮಿನವರು ಅಭ್ಯಾಸ ಶುರು ಮಾಡಿದ್ದರು. ಡ್ರಮ್ಮುಗಳೂ ಹಳೇ ಕಾಲದ ಮಾದರಿಯವು: ಮರದ ಒಡಲು, ಮೇಲೆ ಕೆಳಗೆ ಕರುವಿನ ಚರ್ಮ, ಸುತ್ತಲೂ ಹಾವಿನಂತೆ ಓಡುವ ಹಗ್ಗ, ಹಗ್ಗ ಬಿಗಿಯಲು ಚರ್ಮದ ಕಿವಿಗಳು. ಬಲಗೈಯಿಂದ ಎರಡು ಪೆಟ್ಟು, ಎಡಗೈಯಿಂದ ಎರಡು ಪೆಟ್ಟು. ಅಷ್ಟೇ. ಮೊದಲು ಎಷ್ಟು ನಿಧಾನವೆಂದರೆ ಎರಡು ಪೆಟ್ಟಿನ ನಡುವೆ ನಾನು ಕೋಟು ಬಿಚ್ಚಿ ಕುರ್ಚಿಗೆ ಹಾಕಿದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಹತ್ತಿರವಾಗುತ್ತ ಹೋಯಿತು. ಯಾವ ಕ್ಷಣದಲ್ಲಿ ಎಂದು ತಿಳಿಯದು, ಪೆಟ್ಟುಗಳು ಪೆಟ್ಟುಗಳಾಗಿ ಉಳಿಯದೆ ಒಂದೇ ಉದ್ದನೆಯ ಸದ್ದಾದವು. ಹದಿನಾರು ಕೈಗಳು ಕಣ್ಣಿಗೆ ಕಾಣುತ್ತಿವೆ, ಕಿವಿಗೆ ಕಾಣುತ್ತಿಲ್ಲ. ನನ್ನ ಪಕ್ಕೆಲುಬು ನಡುಗುತ್ತಿತ್ತು. ನಾನು ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತಿದ್ದೆ.

ಹಿರಿಯರು ಬಂದು ಕೈ ಕುಲುಕಿದರು. ಎಂಬತ್ತರ ಹತ್ತಿರದ ವಯಸ್ಸು, ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಅವರು ಆಡಿದ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೋಟಿನ ಒಳಜೇಬಿನಿಂದ ಅವರು ಫ್ಲಾನಲ್ ಬಟ್ಟೆಯ ಸುರುಳಿ ತೆಗೆದು ಬಿಚ್ಚಿದರು. ಕಪ್ಪಾದ ಮರ, ಎರಡೂ ತುದಿಗೆ ಹಿತ್ತಾಳೆಯ ಬಳೆ. ಅವರ ಮುತ್ತಜ್ಜನ ತಂದೆ ಅಂತರ್ಯುದ್ಧದ ಪಡೆಯೊಂದರಲ್ಲಿ ಊದಿದ್ದು. ಅಲ್ಲಿಂದ ಮನೆಯಲ್ಲಿ ಪ್ರತಿ ತಲೆಮಾರಿಗೂ ಒಬ್ಬರು ಇದನ್ನು ಊದಿಕೊಂಡೇ ಬಂದಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟವರಲ್ಲ.

"ಆ ಕಾಲದಲ್ಲಿ ಗಡಿಯಾರ ಅಧಿಕಾರಿಗಳ ಜೇಬಿನಲ್ಲಿ ಮಾತ್ರ ಇರ್ತಿತ್ತು," ಎಂದರು. "ಸಿಪಾಯಿಗೆ ಇದೇ ಗಡಿಯಾರ. ಏಳೋದಕ್ಕೆ ಒಂದು ಕರೆ, ಊಟಕ್ಕೆ ಒಂದು, ಸೌದೆಗೆ ಒಂದು, ನೀರಿಗೆ ಒಂದು, ಮೈ ಹುಷಾರಿಲ್ಲದವರು ವೈದ್ಯರ ಹತ್ತಿರ ಬನ್ನಿ ಅನ್ನೋದಕ್ಕೂ ಒಂದು. ಸಾವಿರ ಜನ ಇದರ ಮಾತು ಕೇಳಿಕೊಂಡು ಬದುಕ್ತಿದ್ದರು."

ಸಾವಿರ ಜನ ಮತ್ತು ಈ ಕಡ್ಡಿ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೆ. ಒಂದು ಸೇಬಿನಷ್ಟೂ ಭಾರವಿರಲಿಲ್ಲ.

ಪ್ರತಿ ವರ್ಷ ಮೇ ತಿಂಗಳ ಕೊನೆಯ ಸೋಮವಾರ, ಯುದ್ಧದಲ್ಲಿ ಮಡಿದವರನ್ನು ಈ ದೇಶ ನೆನೆಯುವ ದಿನ, ತಂಡ ಒಂದು ಹಳೆಯ ಸ್ಮಶಾನಕ್ಕೆ ಹೋಗಿ ನುಡಿಸುತ್ತದೆ. ಅಲ್ಲಿ ಬೆಳಿಗ್ಗೆ ಸಿಪಾಯಿಗಳನ್ನು ಎಬ್ಬಿಸುವ ಕರೆಯನ್ನು ಊದುವುದು ಈ ಫೈಫೇ. ಚಳಿಗಾಲದಲ್ಲಿ ಹಿರಿಯರು ಊದುವ ರಂಧ್ರದ ಪಕ್ಕ ಕೂದಲೆಳೆಯ ಗೆರೆ ನೋಡಿದರು. ಅಂದಿನಿಂದ ಊದಿಲ್ಲ. "ನನ್ನ ಉಸಿರು ಇನ್ನೂ ಚೆನ್ನಾಗಿದೆ," ಎಂದರು. "ಇದರದ್ದು ಮುಗೀತಾ ಬಂದಿದೆ. ನನಗೆ ಬೇಕಾದ್ದು ಮರ ಅಲ್ಲ, ಸದ್ದು. ಸದ್ದು ನನ್ನ ಕಾಲಕ್ಕೆ ನಿಂತುಹೋಗಬಾರದು."

ಕಾರ್ಖಾನೆಯ ಮಾಲೀಕರನ್ನು ಕೇಳಿದೆ. ಶನಿವಾರ ಯಂತ್ರ ಖಾಲಿ ಇದ್ದರೆ ಮಾಡಿಕೊಳ್ಳಿ ಎಂದರು. ಮಾರ್ಚಿನ ಮೊದಲ ಶನಿವಾರ ಫೈಫನ್ನು ಸ್ಪಂಜಿನ ತೊಟ್ಟಿಲಲ್ಲಿ ಮಲಗಿಸಿ ಸ್ಕ್ಯಾನರ್ ಒಳಗೆ ಇಟ್ಟೆ. ಎಕ್ಸ್‌ರೇ ಸುತ್ತಲೂ ತಿರುಗಿ, ಒಳಗಿನದನ್ನೆಲ್ಲ ಹೋಳು ಹೋಳಾಗಿ ತೋರಿಸುವ ಯಂತ್ರ ಅದು. ಅದು ರಂಜಾನ್ ತಿಂಗಳು, ನನಗೆ ರೋಜಾ ಇತ್ತು. ಹಿರಿಯರು ಎದುರಿಗೆ ಕೂತು ನೀರನ್ನೂ ಕುಡಿಯಲಿಲ್ಲ. ಕುಡಿಯಿರಿ ಎಂದರೆ, ನೀವು ಕುಡಿಯುವಾಗ ಕುಡಿಯುತ್ತೇನೆ ಎಂದರು.

ಪರದೆಯ ಮೇಲೆ ಮೂಡಿದ್ದನ್ನು ನೋಡಿ ನಾನು ಅರ್ಧ ಗಂಟೆ ಏನನ್ನೂ ಅಳೆಯಲಿಲ್ಲ. ಬೆರಳ ರಂಧ್ರಗಳು ಮೇಲಿನಿಂದ ನೋಡಿದರೆ ನೇರ. ಆದರೆ ಅಡಿಯಲ್ಲಿ ಮಾಡಿದವನು ಚಾಕು ಹಾಕಿ ಒಳಗಿನ ಅಂಚನ್ನು ಕೆತ್ತಿದ್ದ. ಚಾಕುವಿನ ಒಂದೊಂದು ಎಳೆತವೂ ಕಾಣುತ್ತಿತ್ತು. ಮೂರನೇ ರಂಧ್ರದಲ್ಲಿ ನಾಲ್ಕು ಎಳೆತ, ಐದನೆಯದರಲ್ಲಿ ಒಂಬತ್ತು. ಊದುವುದು, ಕೇಳುವುದು, ಒಂದು ಎಳೆತ ಕೆತ್ತುವುದು, ಮತ್ತೆ ಊದುವುದು. ಅವನು ಹಾಗೆ ಮಾಡಿರಬೇಕು. ಹೆಸರೇ ಗೊತ್ತಿಲ್ಲದ ಒಬ್ಬ ಮನುಷ್ಯ ಕಿವಿಗೊಟ್ಟು ಕೂತಿದ್ದನ್ನು ನಾನು ಎಕ್ಸ್‌ರೇಯಲ್ಲಿ ನೋಡುತ್ತಿದ್ದೆ. ಇಪ್ಪತ್ತು ವರ್ಷ ಲೋಹದ ಒಳಗೆ ನೋಡಿದ್ದೇನೆ, ಯಾರನ್ನೂ ಕಂಡಿರಲಿಲ್ಲ.

ಇನ್ನೊಂದು ವಿಷಯವೂ ಕಂಡಿತು. ಊದುವ ರಂಧ್ರದ ಆಚೆ ಅಂಚು ಚೂಪಾಗಿದೆ, ಈಚೆ ಅಂಚು, ಅಂದರೆ ಕೆಳತುಟಿ ಒರಗುವ ಕಡೆ, ಸವೆದು ತಗ್ಗಾಗಿದೆ. ಐದು ತಲೆಮಾರಿನ ತುಟಿ. ವರದಿಯಲ್ಲಿ ನಾನು ಅದನ್ನು "ಸವೆತ" ಎಂದು ಬರೆದೆ. ನಮ್ಮಲ್ಲಿ ಸವೆತ ಎಂದರೆ ಕೆಂಪು ಚೀಟಿ.

ಬಿರುಕಿನ ಸುದ್ದಿ ಕೆಟ್ಟದಾಗಿತ್ತು. ಹೊರಗಿನಿಂದ ಹೊರಟದ್ದು ಒಳಕೊಳವೆಯನ್ನು ಮುಟ್ಟಲು ಉಳಿದದ್ದು ಅರ್ಧ ಮಿಲಿಮೀಟರ್ ಮರ. ಊದಿದಾಗ ಉಸಿರಿನ ತೇವಕ್ಕೆ ಒಳಮರ ಉಬ್ಬುತ್ತದೆ, ಹೊರಗಿನದು ಒಣಗಿಯೇ ಇರುತ್ತದೆ, ಹಾಗಾಗಿ ಬಿರಿಯುತ್ತದೆ. ಬಿರುಕು ಒಳಕೊಳವೆ ಮುಟ್ಟಿದ ಕ್ಷಣ ಗಾಳಿ ಸೋರಿ ಫೈಫ್ ಮೂಕವಾಗುತ್ತದೆ. "ದಯವಿಟ್ಟು ಊದಬೇಡಿ," ಎಂದೆ. ಅವರು ತಲೆಯಾಡಿಸಿ ಅದಕ್ಕೆ ಬಟ್ಟೆ ಸುತ್ತಿದರು.

ನಕ್ಷೆ ಬರೆದೆ. ಕೊರೆಯಲು ನಮ್ಮ ಟೂಲ್‌ರೂಮಿನ ಯಂತ್ರಗಾರರೊಬ್ಬರು ಒಪ್ಪಿದರು. ವಿಯೆಟ್ನಾಂನಿಂದ ಬಂದವರು, ಮಾತು ಕಡಿಮೆ, ಲೇತ್ ಮುಂದೆ ನಿಂತರೆ ಕಣ್ಣು ಮಿಟುಕಿಸುವುದಿಲ್ಲ. ಚೆನ್ನಾಗಿ ಒಣಗಿದ ರೋಸ್‌ವುಡ್ ತರಿಸಿ ಎರಡು ವಾರದಲ್ಲಿ ಮೊದಲ ನಕಲು ತಯಾರಾಯಿತು. ಅಳೆದೆ. ಎಲ್ಲ ಅಳತೆಯೂ ಹಸಿರು. ನನ್ನ ಕೈಯಿಂದಲೇ ಮಿಲ್ ಕ್ರೀಕ್‌ಗೆ ಒಯ್ದು ಕೊಟ್ಟೆ.

ಹಿರಿಯರು ತುಟಿಗಿಟ್ಟು ಊದಿದರು. ಫುಸ್ ಎಂದಿತು. ತುಟಿ ಸರಿಸಿ ಮತ್ತೆ ಊದಿದರು. ಕುಕ್ಕರಿನ ರಬ್ಬರು ಸೋರಿದ ಹಾಗೆ ಬರೀ ಗಾಳಿ. ಕೆಳಗಿನ ಸ್ವರಗಳು ಹೇಗೋ ಬಂದವು, ಮೇಲಿನವು ಬರಲೇ ಇಲ್ಲ. ಫೈಫಿನ ಪ್ರಾಣ ಇರುವುದೇ ಮೇಲಿನ ಸ್ವರಗಳಲ್ಲಿ.

ನಾನು ಮರ ಸರಿಯಿಲ್ಲ ಎಂದೆ. ಆಮೇಲೆ ಹವೆ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ಹುಟ್ಟಿದ್ದು ನನ್ನಂಥವರನ್ನು ನೋಡಿಯೇ.

ಸೋಮವಾರ ಟೂಲ್‌ರೂಮಿಗೆ ಹೋಗಿ ವಿಷಯ ಹೇಳಿದೆ. ಯಂತ್ರಗಾರರು ನಕಲನ್ನು ತೆಗೆದುಕೊಂಡು ಊದುವ ರಂಧ್ರದ ಮೇಲೆ ಹೆಬ್ಬೆರಳು ಆಡಿಸಿ, "ಚೂಪು ಎಲ್ಲೂ ಇಲ್ಲ. ನಯವಾಗಿದೆ," ಎಂದರು, ಸಮಾಧಾನದಿಂದ. ನಕ್ಷೆ ತೆಗೆದು ನೋಡಿದೆ. ನಮ್ಮ ಕಾರ್ಖಾನೆಯ ಪ್ರತಿ ನಕ್ಷೆಯ ಕೆಳಮೂಲೆಯಲ್ಲೂ ತಾನಾಗಿಯೇ ಅಚ್ಚಾಗುವ ಸಾಲೊಂದಿದೆ: ಚೂಪಾದ ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡತಕ್ಕದ್ದು. ವಿಮಾನದ ಭಾಗದಲ್ಲಿ ಚೂಪಂಚು ಉಳಿದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಹಾಗಾಗಿ ಅದು ನಮಗೆ ಶಾಸನ. ಎಷ್ಟು ಅಭ್ಯಾಸವೆಂದರೆ ಬರೆದ ನಾನೂ ಓದಲಿಲ್ಲ, ಮಾಡಿದ ಅವರೂ ಓದಲಿಲ್ಲ. ಅವರ ಕೈ ತಾನೇ ಉಜ್ಜಿತು. ಅಳೆಯುವಾಗ ನನ್ನ ಕಣ್ಣಿಗೂ ಅದು ಸರಿಯಾಗಿಯೇ ಕಂಡಿತು. ಉಸಿರು ಬಂದು ಸೀಳಿಕೊಳ್ಳಬೇಕಾದ ಅಂಚನ್ನೇ ನಾವು ಇಬ್ಬರೂ ಸೇರಿ ನಯ ಮಾಡಿದ್ದೆವು. ಒಂದು ಕೆಂಪು ಚೀಟಿ ತಂದು ನನ್ನ ನಕ್ಷೆಗೆ ನಾನೇ ಅಂಟಿಸಿದೆ. ಯಂತ್ರಗಾರರು ನಕ್ಕದ್ದನ್ನು ಅಂದು ಮೊದಲ ಬಾರಿಗೆ ನೋಡಿದೆ.

ಎರಡನೇ ನಕಲಿನಲ್ಲಿ ಅಂಚು ಚೂಪಾಗಿಯೇ ಇತ್ತು. ಆದರೆ ಪೆಟ್ಟು ತಿಂದ ಮೇಲೂ ನನ್ನ ಬುದ್ಧಿ ಎಲ್ಲಿ ಬಿಡುತ್ತದೆ? ಹಳೆಯದರ ರಂಧ್ರಗಳ ಅಂತರ ಸಮವಾಗಿಲ್ಲ, ಕೆತ್ತನೆ ಒಂದೊಂದರಲ್ಲಿ ಒಂದೊಂದು ಥರ. ಅದನ್ನು "ಸರಿ" ಮಾಡಿದೆ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು, ಪ್ರತಿ ಸ್ವರವೂ ಹಸಿರು ಗೆರೆಗೆ ಬರುವಂತೆ ರಂಧ್ರಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಸರಿಸಿ ಮಾಡಿಸಿದೆ. ನನ್ನ ಅಬ್ಬಾ ಮೈಸೂರಿನಲ್ಲಿ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು; ನನ್ನ ಕಿವಿಗೆ ಬೈಗುಳ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ ಎನ್ನುತ್ತಿದ್ದರು. ಕಿವಿ ಇಲ್ಲದವಳು ಆ್ಯಪನ್ನು ನಂಬಿದೆ.

ಏಪ್ರಿಲ್ ಮಧ್ಯದಲ್ಲಿ ಸಭಾಂಗಣದೊಳಗೆ ಹಿರಿಯರು ಅದನ್ನು ಊದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಪಾಗಿತ್ತು. ನನ್ನ ಮುಖ ಊರಗಲವಾಯಿತು. ಆಮೇಲೆ ಎಲ್ಲರೂ ಹೊರಗೆ ಪಾರ್ಕಿಂಗ್ ಜಾಗಕ್ಕೆ ಹೋದರು. ಎಂಟು ಡ್ರಮ್ಮು ಎದ್ದವು. ಫೈಫ್ ಎಲ್ಲಿ ಹೋಯಿತು? ಹಿರಿಯರ ಕೆನ್ನೆ ಉಬ್ಬುತ್ತಿದೆ, ಬೆರಳು ಓಡುತ್ತಿದೆ, ನನಗೆ ಕೇಳುತ್ತಿರುವುದು ಡ್ರಮ್ಮು ಮಾತ್ರ.

ಗೆಳೆಯ ಡ್ರಮ್ಮಿನ ಪಟ್ಟಿ ಕಳಚುತ್ತ ಬಂದ. "ಅಕ್ಕ, ಬೈಕೋಬೇಡಿ. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೀರ."

"ಶ್ರುತಿ ಸರಿಯಾಗಿದೆ ಕಣೋ!"

"ಶ್ರುತಿ ಸರಿ ಇದೆ. ಆದ್ರೆ ನಮ್ ಡ್ರಮ್ ಮುಂದೆ ನಾಚ್ಕೊಳ್ತಾ ಇದೆ."

ಹಿರಿಯರು ಅದನ್ನು ಒರೆಸಿ ನನ್ನ ಕೈಗಿಟ್ಟು, "ತುಂಬ ಒಳ್ಳೆಯ ಫೈಫ್. ನಮ್ಮದಲ್ಲ," ಎಂದರು. ಅಷ್ಟು ಮೃದುವಾಗಿ ಯಾರೂ ನನ್ನ ಕೆಲಸವನ್ನು ತಿರಸ್ಕರಿಸಿರಲಿಲ್ಲ. ನಾನು ಕೆಂಪು ಚೀಟಿ ಹಚ್ಚುವಾಗ ಇಷ್ಟು ಮೃದುವಾಗಿರುವುದಿಲ್ಲ ಎಂಬುದು ಆಗ ಹೊಳೆಯಿತು. ನಾಚಿಕೆಯಾಯಿತು.

ಸಮಸ್ಯೆ ಸ್ಪಷ್ಟವಾಗಿತ್ತು. ಆಕಾರದ ಲೆಕ್ಕ ನನ್ನ ಬಳಿ ಪೂರ್ತಿ ಇತ್ತು. ಸದ್ದು ಹೇಗಿತ್ತೆಂಬುದು ಮಾತ್ರ ಗೊತ್ತಿರಲಿಲ್ಲ. ತಂಡದವರ ಫೋನುಗಳಲ್ಲಿ ಹಳೆಯ ವಿಡಿಯೋಗಳಿದ್ದವು. ಆದರೆ ಫೋನು ಜೋರಾದ ಸದ್ದನ್ನು ತಾನೇ ಅದುಮಿಬಿಡುತ್ತದೆ. ಅದರಲ್ಲಿ ಡ್ರಮ್ಮೂ ಒಂದೇ, ಫೈಫೂ ಒಂದೇ. ಅಸಲಿಯನ್ನು ಊದಿಸದೆ ದಾರಿಯಿಲ್ಲ. ಊದಬೇಡಿ ಎಂದವಳೇ ಊದಿ ಎಂದು ಕೇಳಬೇಕಾಯಿತು.

ಒಂದು ವಾರ ಕೂತು ಯೋಜನೆ ಬರೆದೆ. ನಿಶ್ಶಬ್ದ ಕೋಣೆ, ನಾಲ್ಕು ಮೈಕು, ಒಂದೊಂದು ಸ್ವರವೂ ಮೂರು ಸಲ. ಹಿರಿಯರ ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು.

"ಇದು ಎಷ್ಟು ಹೊತ್ತಿನ ಉಸಿರು?"

"ಅರ್ಧ ಗಂಟೆ."

"ಅಷ್ಟು ಹೊತ್ತು ಅದು ಉಳಿಯುತ್ತಾ?"

ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ನನ್ನ ಕಡೆ ಸರಿಸಿದರು. "ಇನ್ನೊಂದು ಮಾತು. ಇದನ್ನು ಹತ್ತಿರದಿಂದ ಕೇಳಲಿ ಅಂತ ಮಾಡಿದ್ದಲ್ಲ. ಪಾಳೆಯದ ಕೊನೆಯ ಡೇರೆಯಲ್ಲಿ ಮಲಗಿದವನಿಗೆ ಕೇಳಬೇಕು. ನಮ್ಮಲ್ಲಿ ಹೊಸಬರನ್ನು ಪರೀಕ್ಷೆ ಮಾಡುವವರು ಅವರ ಪಕ್ಕ ನಿಲ್ಲೋದಿಲ್ಲ. ಮೈದಾನದ ಆ ತುದಿಗೆ ಹೋಗಿ, ಬೆನ್ನು ತಿರುಗಿಸಿ ನಿಲ್ತಾರೆ. ಬೆರಳು ನೋಡಿದರೆ ಕಿವಿ ಸುಳ್ಳು ಹೇಳುತ್ತೆ."

ನನ್ನ ತಲೆಗೆ ಹುಳ ಬಿಟ್ಟರು. ಕೆಂಟ್‌ಗೆ ವಾಪಸು ಬರುವಾಗ ರಸ್ತೆ ತುಂಬ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ನಾನು ಕೆಲಸ ಕಲಿತ ಮೊದಲ ವರ್ಷ ಪರದೆ, ಅಂಕಿ ಯಾವುದೂ ಇರಲಿಲ್ಲ. ಒಂದು ಒಳ್ಳೆಯ ಭಾಗವನ್ನು ಪಕ್ಕದಲ್ಲಿಟ್ಟುಕೊಂಡು, ಹೊಸದನ್ನು ಅದರೊಂದಿಗೆ ಹೋಲಿಸುತ್ತಿದ್ದೆವು. ಎಷ್ಟಿದೆ ಎಂದು ಕೇಳುತ್ತಿರಲಿಲ್ಲ. ಇದರ ಹಾಗಿದೆಯೋ ಇಲ್ಲವೋ, ಅಷ್ಟೇ. ಅಸಲಿಯ ಉಸಿರನ್ನು ಅಳೆಯಲು ಖರ್ಚು ಮಾಡುವುದು ಮೂರ್ಖತನ. ಹೋಲಿಸಲು ಖರ್ಚು ಮಾಡಬೇಕು. ನಕಲುಗಳು ಮೊದಲು ಸಿದ್ಧವಾಗಿರಬೇಕು, ಅಸಲಿ ಒಂದೇ ಸಲ ಊದಬೇಕು, ಬಯಲಲ್ಲಿ, ಡ್ರಮ್ಮಿನ ಜೊತೆ, ದೂರಕ್ಕೆ.

ಮನೆ ತಲುಪಿದ ಕೂಡಲೇ ಹಿರಿಯರಿಗೆ ಫೋನ್ ಮಾಡಿದೆ. "ನಲವತ್ತು ಸೆಕೆಂಡು ಕೊಡ್ತೀರಾ?"

"ಬೆಳಗಿನ ಕರೆಗೆ ಅಷ್ಟೇ ಸಾಕು," ಎಂದರು.

ಯಂತ್ರಗಾರರು ಮೂರು ವಾರದಲ್ಲಿ ಐದು ನಕಲು ಮಾಡಿದರು. ಎಲ್ಲದರ ಒಳಕೊಳವೆಯೂ ಒಂದೇ, ರಂಧ್ರಗಳ ಜಾಗವೂ ಹಳೆಯದರ ಹಾಗೆಯೇ. ವ್ಯತ್ಯಾಸ ಇದ್ದದ್ದು ಊದುವ ರಂಧ್ರದ ಅಂಚಿನಲ್ಲಿ ಮತ್ತು ಬೆರಳ ರಂಧ್ರಗಳ ಅಡಿಯ ಕೆತ್ತನೆಯಲ್ಲಿ. ಒಂದರಲ್ಲಿ ಕೆತ್ತನೆಯೇ ಇಲ್ಲ, ಒಂದರಲ್ಲಿ ಸಮನಾದ ಕೆತ್ತನೆ, ಎರಡರಲ್ಲಿ ಆ ಚಾಕುವಿನ ಎಳೆತಗಳನ್ನು ಎಣಿಸಿ ಎಣಿಸಿ ಹಾಕಿದ್ದು. ಐದನೆಯದರಲ್ಲಿ ಎಳೆತಗಳ ಜೊತೆ ತುಟಿಯ ಸವೆತವನ್ನೂ ಕೆತ್ತಿಸಿದೆ. ಅದನ್ನು ಸೇರಿಸಿದ್ದು ಶಾಸ್ತ್ರಕ್ಕೆ; ಅದು ಗೆಲ್ಲುತ್ತದೆ ಎಂದು ನನಗೆ ಅನಿಸಿರಲಿಲ್ಲ.

ಮೇ ಎರಡನೇ ಶನಿವಾರ ಬೆಳಿಗ್ಗೆ ಕೆಂಟ್ ಕಣಿವೆಯ ಒಂದು ಆಟದ ಮೈದಾನಕ್ಕೆ ಸೇರಿದೆವು. ಗೋದಾಮುಗಳ ಹಿಂದೆ, ಹುಲ್ಲು ಒದ್ದೆ, ಮೋಡ ತಲೆಗೆ ತಾಗುವಷ್ಟು ಕೆಳಗೆ. ತೇವಕ್ಕೆ ಡ್ರಮ್ಮಿನ ಚರ್ಮವೆಲ್ಲ ಸಡಿಲಾಗಿ, ಹೊಡೆದರೆ ಹಲಗೆ ತಟ್ಟಿದ ಹಾಗೆ ಸದ್ದು. ಗೆಳೆಯ ತನ್ನ ಕಾರಿನಲ್ಲಿ ನಾಲ್ಕು ಡ್ರಮ್ಮುಗಳನ್ನು ಒಂದರ ಮೇಲೊಂದು ಇಟ್ಟು ಹೀಟರ್ ಜೋರು ಮಾಡಿ ಬಾಗಿಲು ಹಾಕಿದ. ಉಳಿದ ನಾಲ್ಕು ಇನ್ನೊಬ್ಬರ ಕಾರಿನಲ್ಲಿ. ಅರ್ಧ ಗಂಟೆ ಕಾದೆವು. ಹೊರಗೆ ತೆಗೆದು ಹಗ್ಗದ ಕಿವಿಗಳನ್ನು ಎಳೆದಾಗ ಚರ್ಮ ಟಣ್ ಎಂದಿತು. "ಹತ್ತು ನಿಮಿಷ ಇರುತ್ತೆ ಅಕ್ಕ, ಓಡಿ!" ಎಂದ.

ನಾನು ಮೈದಾನದ ಆ ತುದಿಗೆ ಓಡಿ, ಬೇಲಿಯ ಕಡೆ ಮುಖ ಮಾಡಿ ನಿಂತೆ. ನಕಲುಗಳನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ಗೆಳೆಯನೇ ಆರಿಸಿದ್ದ. ನನಗೆ ಹೇಳಬಾರದೆಂದು ಮಾತಾಗಿತ್ತು. ಹಿರಿಯರು ಒಂದೊಂದನ್ನೂ ಡ್ರಮ್ಮುಗಳ ನಡುವೆ ನಿಂತು ಊದಿದರು. ಮೊದಲನೆಯದು ಅರ್ಧಕ್ಕರ್ಧ ಮುಳುಗಿತು. ಎರಡನೆಯದು ಬಂತು, ಆದರೆ ತೆಳು. ಮೂರನೆಯದು ಡ್ರಮ್ಮನ್ನು ದಾಟಿ ಬಂತು. ಒಂದೆರಡು ಸ್ವರ ಆ್ಯಪಿಗೆ ತೋರಿಸಿದರೆ ಬೈಯುವಷ್ಟು ಮೇಲಿದ್ದವು. ನಾಲ್ಕು, ಐದು ಮತ್ತೆ ನಡುವಿನಲ್ಲೆಲ್ಲೋ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಫ್ಲಾನಲ್ ಬಟ್ಟೆ ಬಿಚ್ಚುತ್ತಿರಬೇಕು ಎಂದುಕೊಂಡೆ.

ಆಗ ಅದು ಬಂತು.

ಇಂಪು ಎಂದು ಹೇಳಲಾರೆ. ಒರಟು ಸದ್ದು, ಮೇಲೆ ಹೋದಂತೆ ಒಂದು ಬಗೆಯ ಕಿರುಚು. ಆದರೆ ಅದು ಡ್ರಮ್ಮಿನ ಜೊತೆ ಜಗಳವಾಡಲಿಲ್ಲ. ಡ್ರಮ್ಮು ನೆಲದ ಮೇಲೆ ಉರುಳಿ ಬಂದು ನನ್ನ ಕಾಲಿಗೆ ತಾಗುತ್ತಿತ್ತು, ಇದು ಅದರ ಮೇಲಿನಿಂದ ನೇರ ಹಣೆಗೆ ಬರುತ್ತಿತ್ತು. ಮೈದಾನ ಪೂರ್ತಿ ಖಾಲಿ ಇದ್ದರೂ ಯಾರೋ ನನ್ನನ್ನೇ ಏಳು ಎಂದು ಕರೆದ ಹಾಗಾಯಿತು. ಇದನ್ನು ಕೇಳಿ ಒದ್ದೆ ಕಂಬಳಿಯೊಳಗಿಂದ ಎದ್ದವರು, ಎದ್ದು ಸಂಜೆಯೊಳಗೆ ಸತ್ತವರು, ಎಲ್ಲರೂ ನಿಂತದ್ದು ನಾನು ನಿಂತ ಕಡೆಯೇ, ಆ ತುದಿಯಲ್ಲಿ. ನನಗೆ ಅವರ ಯುದ್ಧ ಗೊತ್ತಿಲ್ಲ, ಆ ನೆಲ ನನ್ನದಲ್ಲ. ಆದರೂ ಬೆನ್ನು ತಾನೇ ನೆಟ್ಟಗಾಯಿತು. ಬರೆಯಬೇಕಾದ ಗುರುತನ್ನು ಬರೆಯಲೇ ಇಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಇದು ಮೂರನೆಯದರ ಹಾಗಿತ್ತು.

ಕೊನೆಯ ಉದ್ದ ಸ್ವರ ಮಧ್ಯದಲ್ಲಿ ಸೀಳಿ ಗಾಳಿಯಾಯಿತು.

ತಿರುಗಿದೆ. ಡ್ರಮ್ಮಿನವರು ಕೈ ನಿಲ್ಲಿಸಿದ್ದರು. ನಾನು ಓಡಿದೆ, ಒದ್ದೆ ಹುಲ್ಲಿನಲ್ಲಿ ಜಾರಿ ಒಮ್ಮೆ ಮೊಣಕಾಲೂರಿ ಬಿದ್ದು ಮತ್ತೆ ಓಡಿದೆ. ಹಿರಿಯರು ಫೈಫನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಬಿರುಕಿನಿಂದ ಬೆಳಕು ಕಾಣುತ್ತಿತ್ತು.

"ನನ್ನಿಂದ ಆಯ್ತು," ಎಂದೆ. ಕಣ್ಣೀರು ಬಂದುಬಿಟ್ಟಿತು. "ಕ್ಷಮಿಸಿ. ನಾನು ಕೇಳಬಾರದಿತ್ತು."

ಅವರು ಅದನ್ನು ಎಂದಿನಂತೆ ಒರೆಸಿದರು. ಇನ್ನು ಒರೆಸುವ ಅಗತ್ಯವಿಲ್ಲ ಎಂಬುದು ಅವರಿಗೆ ನೆನಪಿರಲಿಲ್ಲವೋ, ಬೇಕೆಂದೇ ಒರೆಸಿದರೋ ಗೊತ್ತಿಲ್ಲ. "ಚಳಿಗಾಲದಿಂದ ಇದು ನನ್ನ ಜೇಬಿನಲ್ಲಿ ಸುಮ್ಮನಿತ್ತು," ಎಂದರು. "ಇವತ್ತು ಕೆಲಸ ಮಾಡ್ತಾ ಮಾಡ್ತಾನೇ ಹೋಯಿತು. ನೀವು ಕೇಳಿಸಿಕೊಂಡಿರಾ?"

"ಕೇಳಿಸಿಕೊಂಡೆ. ಮೂರನೆಯದು."

ಗೆಳೆಯ ಚೀಟಿ ನೋಡಿದ. ಮೂರನೆಯ ಸರದಿಯಲ್ಲಿ ಊದಿದ್ದು ಸವೆತ ಇರುವ ನಕಲು. ಐದು ತಲೆಮಾರಿನ ತುಟಿಯನ್ನು ನಾನು ದೋಷದ ಪಟ್ಟಿಗೆ ಹಾಕಿದ್ದೆ. ಅವರೆಲ್ಲ ಊದಿ ಊದಿ, ಆ ಹೆಸರಿಲ್ಲದ ಕುಶಲಕರ್ಮಿ ಬಿಟ್ಟಲ್ಲಿಂದ ಅದನ್ನು ಮಾಡುತ್ತಲೇ ಬಂದಿದ್ದರು.

ಆಮೇಲಿನ ದಿನಗಳಲ್ಲಿ ಹಿರಿಯರು ಹೊಸದಕ್ಕೆ ಎಣ್ಣೆ ಕುಡಿಸಿ, ದಿನಕ್ಕೆ ಐದೈದೇ ನಿಮಿಷ ಊದಿ ಪಳಗಿಸಿದರು. ಹೊಸ ಮರವನ್ನು ಒಮ್ಮೆಲೇ ಜಾಸ್ತಿ ಊದಿದರೆ ಅದೂ ಬಿರಿಯುತ್ತದೆ.

ಮೇ ಕೊನೆಯ ಸೋಮವಾರ ಬೆಳಿಗ್ಗೆ ಸ್ಮಶಾನಕ್ಕೆ ಹೋದಾಗ ಮಳೆ ಇರಲಿಲ್ಲ. ಸಾಲು ಸಾಲು ಬಿಳಿ ಕಲ್ಲುಗಳು, ಪ್ರತಿಯೊಂದರ ಮುಂದೆ ಪುಟ್ಟ ಬಾವುಟ. ತಂಡ ಗುಡ್ಡದ ನೆತ್ತಿಯಲ್ಲಿ ನಿಂತಿತು. ಹಿರಿಯರು ಸಮವಸ್ತ್ರದಲ್ಲಿದ್ದರು, ಫೈಫ್ ಕೈಯಲ್ಲಿತ್ತು. ಶುರುವಾಗಲು ಒಂದೆರಡು ನಿಮಿಷ ಇರುವಾಗ ಅವರು ಅದನ್ನು ತಂಡದ ಇನ್ನೊಬ್ಬ ಫೈಫ್ ವಾದಕಿಗೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಗಸಿಗೆ, ಕೊಟ್ಟರು. ಆಕೆಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ತೆಗೆದುಕೊಂಡು ಸುಮ್ಮನೆ ಅವರ ಜಾಗದಲ್ಲಿ ನಿಂತಳು. ಗೆಳೆಯ ಡ್ರಮ್ಮಿನ ಹಿಂದಿನಿಂದ ನನ್ನ ಕಡೆ ಕಣ್ಣರಳಿಸಿದ.

"ನೀವು ಊದೋದಿಲ್ವಾ?" ಎಂದೆ ಗಾಬರಿಯಿಂದ.

"ನನ್ನ ಜೊತೆ ಬನ್ನಿ," ಎಂದರು. ಇಳಿಜಾರಿನಲ್ಲಿ ನಾನು ಅವರ ತೋಳು ಹಿಡಿದುಕೊಂಡೆ. ಕಲ್ಲುಗಳ ನಡುವೆ ನಿಧಾನವಾಗಿ ನಡೆದು ಕೆಳಗಿನ ಗೇಟಿನವರೆಗೆ ಹೋದೆವು. ಅಲ್ಲಿ ಅವರು ಗುಡ್ಡಕ್ಕೆ ಬೆನ್ನು ಮಾಡಿ ನಿಂತರು. ನಾನೂ ನಿಂತೆ.

"ಹನ್ನೆರಡನೇ ವಯಸ್ಸಿನಿಂದ ಅದನ್ನು ಊದಿದೀನಿ," ಎಂದರು. "ಊದೋವನಿಗೆ ಅದು ಯಾವಾಗಲೂ ಕಿವಿಯ ಪಕ್ಕದಲ್ಲೇ ಇರುತ್ತೆ. ನಮ್ಮಪ್ಪ ತೀರಿಕೊಂಡ ಮೇಲೆ ಬೇರೆ ಯಾರೂ ಊದಿಲ್ಲ. ಈ ತುದಿಯಲ್ಲಿ ನಿಂತು ನಾನು ಕೇಳಿಯೇ ಇಲ್ಲ."

ಮೇಲೆ ಫೈಫ್ ಶುರುವಾಯಿತು. ಮೊದಲ ಸ್ವರಕ್ಕೇ ಅವರ ಭುಜ ಎದ್ದಿತು. ಕರೆ ಕಲ್ಲುಗಳ ಮೇಲಿನಿಂದ ಹಾದು ನಮ್ಮನ್ನು ದಾಟಿ ರಸ್ತೆಗೆ ಹೋಯಿತು. ಅವರ ಬೆರಳುಗಳು ಖಾಲಿ ಗಾಳಿಯಲ್ಲಿ ಒಂದೆರಡು ರಂಧ್ರ ಮುಚ್ಚಿ ತೆರೆದವು, ಆಮೇಲೆ ನಿಂತವು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನನಗೆ ಬೇಕಾಗಿದ್ದ ಉತ್ತರ ಅಲ್ಲಿತ್ತು, ಆದರೂ ಅವರ ಬಾಯಿಂದಲೇ ಕೇಳಬೇಕಿತ್ತು.

ಕರೆ ಮುಗಿಯಿತು. ಅವರು ಟೋಪಿ ತೆಗೆದರು.

"ಹಾಗಾದರೆ," ಎಂದರು, "ಕೊನೆಯ ಡೇರೆಯವನಿಗೆ ಕೇಳಿಸ್ತಿದ್ದದ್ದು ಇದು."

ಮೇಲೆ ಡ್ರಮ್ಮುಗಳು ಶುರುವಾದವು. ಅವರು ನನ್ನ ಕೈ ಬಿಡದೆ, ತಿರುಗಿ ನೋಡದೆ, ಅದು ಪೂರ್ತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದರು.